ಗಾಜಿನ ತಟ್ಟೆಯ ಯುವರಾಜ

ಬಹಳ ಹಿಂದೆ, ಅಂದರೆ ಮೈಕ್ರೋಸ್ಕೋಪು ಬಂದು ಬುದ್ಧಿ ಇನ್ನೂ ದಾರಿಯಲ್ಲಿದ್ದ ಕಾಲದಲ್ಲಿ, ತುತ್ತೂರಿಪುರವೆಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಉದ್ದಂಡವರ್ಮರು ಆಳುತ್ತಿದ್ದರು. ಆಳುತ್ತಿದ್ದರು ಎಂದರೆ ವರ್ಷವಿಡೀ ಪ್ರವಾಸದಲ್ಲಿರುತ್ತಿದ್ದರು. ರಥ ಹತ್ತಿ ಗಡಿಯುದ್ದಕ್ಕೂ ಒಂದು ಸುತ್ತು ಹಾಕಿ, ಹೊರಟ ಬಾಗಿಲಿಗೇ ಬಂದು ಇಳಿದು, ಅಭಿವೃದ್ಧಿ ಆಯಿತೆಂದು ಪತ್ರಿಕಾ ಹೇಳಿಕೆ ಕೊಡುತ್ತಿದ್ದರು. ನಡುವೆ ಯಾವ ಊರಲ್ಲೂ ಇಳಿಯುತ್ತಿರಲಿಲ್ಲ. ಇಳಿದರೆ ವೇಗ ಕಡಿಮೆಯಾಗುತ್ತದಲ್ಲ.

ಇಷ್ಟೆಲ್ಲ ವೇಗವಿದ್ದೂ ಮಹಾರಾಜರಿಗೆ ಮಕ್ಕಳಿರಲಿಲ್ಲ. ತಪ್ಪು ರಾಣಿಯರದೇ ಎಂದು ಯಾರನ್ನೂ ಕೇಳದೆ ತೀರ್ಮಾನವಾಗಿ, ಇಬ್ಬರು ರಾಣಿಯರು ಆಗಲೇ ಊರಾಚೆಯ ‘ಮಹಿಳಾ ವಿಶ್ರಾಂತಿ ಧಾಮ’ ಸೇರಿದ್ದರು. ಅಲ್ಲಿಗೆ ಹೋದವರು ವಿಶ್ರಾಂತಿ ಮುಗಿಸಿಕೊಂಡು ಬಂದದ್ದನ್ನು ಯಾರೂ ಕಂಡಿಲ್ಲ. ಈಗ ಮೂರನೆಯ ರಾಣಿ ಪೊನ್ನಾದೇವಿಯವರ ಸರದಿ. ಬರುವ ಯುಗಾದಿಯೊಳಗೆ ಗರ್ಭ ನಿಲ್ಲದಿದ್ದರೆ ಅವರಿಗೂ ಅಲ್ಲೊಂದು ಕೋಣೆ ಸುಣ್ಣ ಬಳಿಸಿಕೊಂಡು ಕಾದಿತ್ತು. ಆದರೆ ಈಕೆ ಅಳುತ್ತ ಕೂರುವ ಪೈಕಿ ಅಲ್ಲ. ಹರಕೆ ಆಯಿತು, ಹೋಮ ಆಯಿತು, ಒಂದು ಸಲ ಡಾಕ್ಟರನ್ನೂ ಕರೆಸಿ ಎಂದು ಹಟ ಹಿಡಿದು, ನಾಗವೇಣಿಯೆಂಬ ಡಾಕ್ಟರಮ್ಮನನ್ನು ಅರಮನೆಗೆ ಬರಮಾಡಿಕೊಂಡರು.

ಡಾಕ್ಟರಮ್ಮ ಇಬ್ಬರನ್ನೂ ಪರೀಕ್ಷಿಸಿದಳು. ರಾಣಿಯವರದು ಏನೂ ತೊಂದರೆಯಿಲ್ಲ, ಮಹಾರಾಜರ ವೀರ್ಯಾಣುಗಳು ಮಾತ್ರ ತುಸು ಕಡಿಮೆ ಎಂದಳು. ಮಹಾಮಂತ್ರಿ ಹೌದಪ್ಪಯ್ಯನವರು ಗಂಟಲು ಸರಿಮಾಡಿಕೊಂಡು, ಕಡಿಮೆ ಎಂಬ ಶಬ್ದ ರಾಜಮರ್ಯಾದೆಗೆ ಹೊಂದುವುದಿಲ್ಲವೆಂದೂ, ಮಹಾರಾಜರದು ‘ಆಯ್ದ ಸೇನೆ’ ಎಂದು ಬರೆದುಕೊಳ್ಳಬೇಕೆಂದೂ ತಿದ್ದಿದರು.

ಕಡಿಮೆಯಿದ್ದರೂ ಭಯವಿಲ್ಲ, ಒಳ್ಳೆಯದೊಂದನ್ನು ಆರಿಸಿದರೆ ಸಾಕು ಎಂದು ಡಾಕ್ಟರಮ್ಮ ಉಪಾಯ ಹೇಳಿದಳು. ಹೆಣ್ಣಿನ ಅಂಡಾಣುವಿನ ಸುತ್ತ ಲೋಳೆಯಂಥದೊಂದು ಹೊದಿಕೆ ಇರುತ್ತದಂತೆ. ಅದೇ ಲೋಳೆಯ ಹನಿಯನ್ನು ಗಾಜಿನ ತಟ್ಟೆಗೆ ಹಾಕಿ ವೀರ್ಯಾಣುಗಳನ್ನು ಬಿಟ್ಟರೆ, ಬಲಿತವು ಅದಕ್ಕೆ ತಲೆ ಹಚ್ಚಿ ನಿಂತುಬಿಡುತ್ತವಂತೆ, ಬಾಲ ಮಾತ್ರ ಆಡುತ್ತಿರುತ್ತದಂತೆ. ಎಳಸಾದವು ಅಲ್ಲಿ ನಿಲ್ಲಲಾರದೆ ಸುಮ್ಮನೆ ಸುತ್ತುತ್ತಿರುತ್ತವಂತೆ. ನಿಂತದ್ದರಲ್ಲಿ ಒಂದನ್ನು ತೆಗೆದು ಅಂಡಾಣುವಿಗೆ ಸೇರಿಸುವುದು, ಅಷ್ಟೇ ಕೆಲಸ.

ಅಷ್ಟೇ ಕೆಲಸವನ್ನು ಅಷ್ಟೇ ಎಂದು ಬಿಟ್ಟರೆ ಸರ್ಕಾರ ಯಾಕಿರಬೇಕು? ಆಯ್ಕೆಗೆ ಉನ್ನತಾಧಿಕಾರ ಸಮಿತಿ ರಚನೆಯಾಯಿತು. ಅಧ್ಯಕ್ಷರು ಮಹಾರಾಜರೇ. ದರ್ಬಾರು ಹಾಲಿನಲ್ಲಿ ಗೋಡೆಯಗಲದ ಎಲ್‌ಇಡಿ ಪರದೆ ಕಟ್ಟಿ, ತಟ್ಟೆಯೊಳಗಿನದನ್ನು ನೇರ ಪ್ರಸಾರ ಮಾಡಲಾಯಿತು. ಪ್ರಜೆಗಳು ಚೌಕದಲ್ಲಿ ಕಟ್ಟಿದ್ದ ಇನ್ನೊಂದು ಪರದೆಯ ಮುಂದೆ ನಿಂತು ನೋಡಿದರು. ಕಡಲೆಪುರಿ ಮಾರುವ ಹನುಮಕ್ಕ ಮಾತ್ರ ಸೆರಗು ಅಡ್ಡ ಹಿಡಿದು, ದೊಡ್ಡವರ ಮನೆಯದು ಹೀಗೆ ಬೀದಿಗೆ ಬರಬಾರದಿತ್ತು ಎಂದು ಗೊಣಗಿದಳು.

ಪರದೆಯ ಮೇಲೆ ನಾಲ್ಕಾರು ವೀರ್ಯಾಣುಗಳು ತಲೆಯೂರಿ ನಿಂತಿದ್ದವು. ಒಂದು ಮಾತ್ರ ತಟ್ಟೆಯ ಅಂಚಿನಲ್ಲಿ ಗಿರಗಿರನೆ ಸುತ್ತುತ್ತಿತ್ತು. ಮಹಾರಾಜರ ಕಣ್ಣು ಅದರ ಮೇಲೆ ಬಿತ್ತು.

“ಅದ್ಯಾರು ಅದು?”

“ಪ್ರಭು, ಆ ನಡಿಗೆ ನೋಡಿ,” ಎಂದರು ಹೌದಪ್ಪಯ್ಯ. “ಥೇಟ್ ತಮ್ಮ ಜಿಲ್ಲಾ ಪ್ರವಾಸ. ಎಲ್ಲೂ ನಿಲ್ಲೋ ಮಾತೇ ಇಲ್ಲ.”

“ಈ ನಿಂತಿರೋರು?”

“ಕೆಲಸಗಳ್ಳರು, ಪ್ರಭು. ಇದ್ದಲ್ಲೇ ಬಾಲ ಆಡಿಸ್ತಾ ಇದಾರೆ.”

ಡಾಕ್ಟರಮ್ಮ ತಡೆಯಲಾರದೆ ಎದ್ದು ನಿಂತಳು. “ಮಹಾಪ್ರಭುಗಳು ಕ್ಷಮಿಸಬೇಕು. ಆ ಸುತ್ತುತ್ತಿರೋದಕ್ಕೆ ತಲೆ ಇನ್ನೂ ಬಲಿತಿಲ್ಲ. ಅಂಡಾಣು ಅದನ್ನ ಹಿಡ್ಕೊಳ್ಳೋದಿಲ್ಲ.”

“ರಾಜವಂಶದ ಕುಡಿಗೆ ತಲೆ ಯಾಕಮ್ಮಾ?” ಎಂದರು ಮಹಾರಾಜರು ಶಾಂತವಾಗಿ. “ತಲೆಗೆ ಮಂತ್ರಿಗಳಿದ್ದಾರೆ.” ಎಂದವರೇ ಸುತ್ತುತ್ತಿದ್ದುದರ ಕಡೆ ಬೆರಳು ತೋರಿಸಿದರು.

ತುತ್ತೂರಿಪುರದಲ್ಲಿ ರಾಜ ಬೆರಳು ತೋರಿಸಿದ ಮೇಲೆ ಅದು ಶಾಸನ. ನಿಂತಿದ್ದವುಗಳನ್ನು ಚಲನಶೀಲತೆಯ ಕೊರತೆಯ ಕಾರಣ ನೀಡಿ ಸೇವೆಯಿಂದ ವಜಾ ಮಾಡಿ ಚರಂಡಿಗೆ ಬಿಡಲಾಯಿತು. ಇನ್ನು ಮುಂದೆ ಯಾವ ತಟ್ಟೆಯಲ್ಲಿ ಯಾವುದು ನಿಂತರೂ ಇದೇ ಗತಿಯೆಂದು ರಾಜಪತ್ರದಲ್ಲಿ ಅಚ್ಚಾಯಿತು. ಅಂಡಾಣು ಅದನ್ನು ಹಿಡಿದುಕೊಳ್ಳುವುದಿಲ್ಲವೆಂಬ ಡಾಕ್ಟರಮ್ಮನ ಮಾತು ಮಹಾರಾಜರ ಕಿವಿಯಲ್ಲಿ ಉಳಿದಿತ್ತು. ಆದ್ದರಿಂದ ‘ಅಂಡಾಣು ವಿಧೇಯತಾ ಸುಗ್ರೀವಾಜ್ಞೆ’ಯೂ ಹೊರಟಿತು. ಅದರ ಪ್ರಕಾರ ರಾಜ್ಯದ ಯಾವ ಅಂಡಾಣುವೂ ರಾಜಮುದ್ರೆಯಿರುವ ವೀರ್ಯಾಣುವನ್ನು ನಿರಾಕರಿಸುವಂತಿಲ್ಲ.

ಇತ್ತ ಪೊನ್ನಾದೇವಿಯವರು ಅಂಡಾಣು ಬಲಿಯಲೆಂದು ದಿನಾ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡರು. ಮೈ ಊದಿತು, ಬಳೆ ಏರದಾಯಿತು. ಕಡೆಗೆ ಅಂಡಾಣುಗಳನ್ನು ತೆಗೆದ ದಿನ ನೋವಿಗೆ ತುಟಿ ಕಚ್ಚಿ ಮಲಗಿದ್ದರು. ಅದೇ ಹೊತ್ತಿಗೆ ಹೊರಗೆ ಮಹಾರಾಜರು ತಮ್ಮ ತ್ಯಾಗದ ಬಗ್ಗೆ ಭಾಷಣ ಮಾಡುತ್ತಿದ್ದರು.

ರಾಜಾಜ್ಞೆಯಂತೆ ಸುತ್ತುಗಾರನನ್ನು ಅಂಡಾಣುವಿನ ಬಳಿ ಬಿಡಲಾಯಿತು. ಅದು ಸುತ್ತಿತು. ಇನ್ನೊಂದು ಸಲ ಸುತ್ತಿತು. ದರ್ಬಾರು, ಆಹಾ, ಪ್ರದಕ್ಷಿಣೆ ಎಂದು ಚಪ್ಪಾಳೆ ತಟ್ಟಿತು. ಹೊದ್ದು ಮಲಗಿದ್ದ ಅಂಡಾಣು ಮಗ್ಗುಲು ಬದಲಿಸಲಿಲ್ಲ. ಹೌದಪ್ಪಯ್ಯನವರು ತಟ್ಟೆಯ ಮುಂದೆ ನಿಂತು ಕಾರಣ ಕೇಳುವ ನೋಟಿಸನ್ನು ಗಟ್ಟಿಯಾಗಿ ಓದಿದರು. ಅಂಡಾಣು ಉತ್ತರ ಕೊಡಲಿಲ್ಲ. ಉತ್ತರ ಕೊಡದಿರುವುದೇ ಉದ್ಧಟತನವೆಂದು ನಮೂದಾಯಿತು.

ರಾಣಿಯವರು ಗೋಡೆ ಹಿಡಿದುಕೊಂಡೇ ದರ್ಬಾರಿಗೆ ಬಂದರು.

“ಇನ್ನೂ ನಾಕು ಅಂಡಾಣು ಉಳಿದಾವಂತೆ,” ಎಂದರು. “ಹೊಸದಾಗಿ ಒಂದು ತಟ್ಟೆ ಇಡಿ. ನಿಂತದ್ದರಲ್ಲಿ ಒಂದನ್ನ ಕೊಡಿ ನನಗೆ. ಒಂದೇ ಒಂದು. ಹೆಸರು ನಿಮ್ಮದೇ ಇರಲಿ, ಆರಿಸಿದ್ದು ನೀವೇ ಅಂತ ಊರಿಗೆಲ್ಲ ನಾನೇ ಹೇಳ್ತೀನಿ.”

ಮಹಾರಾಜರ ಮುಖ ಮೆತ್ತಗಾದಂತೆ ಕಂಡಿತು. ಆಗ ಹೌದಪ್ಪಯ್ಯನವರು ಬಾಗಿ ಕಿವಿಯಲ್ಲಿ ಹೇಳಿದ್ದು ಇಷ್ಟು: ನಿಂತದ್ದರಿಂದ ಮಗು ಹುಟ್ಟಿದರೆ, ತೋರಿಸಿದ ಬೆರಳು ತಪ್ಪೆಂದು ಆಗುತ್ತದೆ, ಮಗು ಹುಟ್ಟದಿದ್ದರೆ ಅಂಡಾಣು ತಪ್ಪೆಂದು ಆಗುತ್ತದೆ. ಮಹಾರಾಜರು ತಮ್ಮ ಬೆರಳನ್ನು ನೋಡಿಕೊಂಡರು. ಅದರಲ್ಲಿ ನವರತ್ನದ ಉಂಗುರವಿತ್ತು.

“ಉಳಿದ ಅಂಡಾಣುಗಳನ್ನೂ ವಜಾ ಮಾಡಿ,” ಎಂದರು.

ಅಷ್ಟರಲ್ಲಿ ತಟ್ಟೆಯೊಳಗಿನ ಸುತ್ತುಗಾರ ಸುತ್ತುವುದನ್ನು ಬಿಟ್ಟಿತ್ತು. ಡಾಕ್ಟರಮ್ಮ ಇಣುಕಿ ನೋಡಿ, ಇದು ಸತ್ತುಹೋಗಿದೆ ಎಂದಳು.

“ಧ್ಯಾನದಲ್ಲಿದ್ದಾರೆ,” ಎಂದರು ಹೌದಪ್ಪಯ್ಯ.

ಧ್ಯಾನಸ್ಥರನ್ನು ಹಾಗೇ ಎತ್ತಿ ತಣ್ಣನೆಯ ಸ್ಟೀಲು ಕ್ಯಾನಿನಲ್ಲಿ ಇಳಿಸಿ ಮುಚ್ಚಳ ಬಿಗಿದರು. ವಂಶ ಮುಂದುವರಿಯಲು ಹೆಣ್ಣಿನ ಕಡೆಯಿಂದ ಸಹಕಾರ ಸಿಗದ ಕಾರಣ, ಲಭ್ಯವಿರುವ ಅರ್ಧವನ್ನೇ ಪೂರ್ಣವೆಂದು ಪರಿಗಣಿಸಿ ಯುವರಾಜ ಪಟ್ಟ ಕಟ್ಟುವುದೆಂದು ಸಂಪುಟ ಒಮ್ಮತದಿಂದ ತೀರ್ಮಾನಿಸಿತು. ಮುಚ್ಚಳದ ಅಳತೆಗೆ ಕಿರೀಟ ಮಾಡಿಸಿದರು. ಯುವರಾಜರ ಕ್ಷೇಮ ಸಮಾಚಾರವನ್ನು ದಿನಾ ಪ್ರಕಟಿಸುವ ಕೆಲಸಕ್ಕೆ ಡಾಕ್ಟರಮ್ಮನನ್ನೇ ನೇಮಿಸಿದರು. ಆಕೆ ಒಲ್ಲೆನೆಂದಳು. ಅವಳ ಹೆಸರಿನಲ್ಲಿ ಬೇರೆ ಯಾರೋ ಪ್ರಕಟಿಸುತ್ತ ಬಂದರು.

ಪಟ್ಟಾಭಿಷೇಕದ ಮೆರವಣಿಗೆ ಮುಂಬಾಗಿಲಿಂದ ಹೊರಟಿತು. ಪೊನ್ನಾದೇವಿಯವರ ಗಾಡಿ ಹಿಂಬಾಗಿಲಿಂದ ಧಾಮದ ಕಡೆ ಹೊರಟಿತು. ಚೌಕದಲ್ಲಿ ಎರಡೂ ಎದುರಾದವು. ಯುವರಾಜರಿಗೆ ಎಲ್ಲರೂ ಇಳಿದು ನಮಸ್ಕರಿಸಬೇಕೆಂದು ನಿಯಮ. ರಾಣಿಯವರು ಇಳಿದರು, ಪಲ್ಲಕ್ಕಿಯೊಳಗಿನ ಕ್ಯಾನನ್ನು ಬಹಳ ಹೊತ್ತು ನೋಡಿದರು.

“ಏನಂತ ಕರೀಲಿ ಮಂತ್ರಿಗಳೇ?” ಎಂದರು. “ಮಗಾ ಅನ್ನಲೋ, ಪ್ರಭು ಅನ್ನಲೋ?”

“ಪ್ರಭು ಅನ್ನಿ, ತಾಯಿ.”

“ಪ್ರಭು,” ಎಂದು ಕೈಮುಗಿದು ಗಾಡಿ ಹತ್ತಿದರು. ಚೌಕದಲ್ಲಿದ್ದ ಹೆಂಗಸರು ಯಾರೂ ತಲೆಯೆತ್ತಲಿಲ್ಲ.

ಯುವರಾಜರು ಸದಾ ತಣ್ಣಗಿರಬೇಕಾದ್ದರಿಂದ ಊರ ಹೆರಿಗೆ ಆಸ್ಪತ್ರೆಯ ಜನರೇಟರನ್ನು ಅರಮನೆಗೆ ಸಾಗಿಸಲಾಯಿತು. ಮನೆಮನೆಗೂ ‘ಶೈತ್ಯ ಕರ’ ಬಿತ್ತು. ಹೊಸ ರಾಣಿಗಾಗಿ ಹೊರಟ ಪ್ರಕಟಣೆಯಲ್ಲಿ ರೂಪ, ಕುಲ, ಗೋತ್ರದ ಜೊತೆಗೆ ಅಂಡಾಣುಗಳ ವಿಧೇಯತೆಯ ಮುಚ್ಚಳಿಕೆಯನ್ನೂ ಕೇಳಿದ್ದರು. ಹನುಮಕ್ಕನ ಸೊಸೆ ಹೆರಿಗೆ ಆಸ್ಪತ್ರೆಯ ಕತ್ತಲಲ್ಲಿ, ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಗಂಡು ಹೆತ್ತಳು. ಕೂಸು ಗಟ್ಟಿಯಾಗಿ ಅತ್ತಿತು. ಮರುದಿನ ರಾಜಭಟರು ಬಂದು, ಅಳು ಅರಮನೆಯವರೆಗೂ ಕೇಳಿ ಯುವರಾಜರ ಧ್ಯಾನ ಕೆಟ್ಟಿತೆಂದು ದಂಡ ಹಾಕಿದರು. ಹನುಮಕ್ಕ ಕಡಲೆಪುರಿಯ ಗಾಡಿ ಮಾರಿ ಕಟ್ಟಿದಳು.