ಸೊಲ್ಲು ಹಿಡಿಯುವವರ ಹಾವಳಿ ತಡೆಗಟ್ಟುವ ಬಗ್ಗೆ

ಜನಪದ ಗಾನ ಸಂರಕ್ಷಣಾ ವಿಭಾಗ, ಆದವಾನಿ ವಲಯ
ಸಂಖ್ಯೆ: ಜಗಾಸಂ/ಆದ/ಬೀಗ/17/2024-25

(ತೆಲುಗು ಮೂಲಪ್ರತಿ ಕೈತಪ್ಪಿರುವುದರಿಂದ ಈ ಕನ್ನಡ ಅನುವಾದವನ್ನೇ ಮೂಲವೆಂದು ಭಾವಿಸತಕ್ಕದ್ದು.)

ವಿಷಯ: ಹತ್ತಿ ಮಾರುಕಟ್ಟೆಯ ಹಿಂದಿನ ಹಳೆಯ ತೂಕದ ಕೋಣೆಯಲ್ಲಿ ನಡೆಯುತ್ತಿರುವ ಹೆಂಗಸರ ಹಾಡಿನ ಸಂಘವನ್ನು ಉಳಿಸುವ ಸಲುವಾಗಿ ಮುಚ್ಚುವ ಕುರಿತು.

ಉಲ್ಲೇಖ: ೧) ಸಂಘದ ಮುಂದಾಳು ಹೂವಮ್ಮ ಅವರು ಕಚೇರಿಯ ಬಾಗಿಲಲ್ಲಿ ನಿಂತು ವ್ಯಕ್ತಪಡಿಸಿದ ಸಿಟ್ಟು.
೨) ಇದೇ ವಿಷಯದ ಹಿಂದಿನ ಸುತ್ತೋಲೆ (ಯಾರೂ ಓದಿಲ್ಲ).

ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸುವ ಹೂವಮ್ಮ ಮತ್ತು ಸಂಗಡಿಗರು ಪ್ರತಿ ಗುರುವಾರ ಸಂಜೆ ಕೆಲಸ ಬಿಟ್ಟ ಮೇಲೆ ನೆಟ್ಟಗೆ ಮನೆಗೆ ಹೋಗದೆ, ಸದರಿ ಕೋಣೆಯಲ್ಲಿ ಕುಳಿತು ಹಾಡುತ್ತಿರುವುದು ವಿಭಾಗದ ಗಮನಕ್ಕೆ ಬಂದಿದೆ. ಹೂವಮ್ಮ ಕನ್ನಡದಲ್ಲಿ ಒಂದು ಸಾಲು ಎತ್ತುತ್ತಾರೆ. ಎದುರು ಕುಳಿತ ರಾಮಲಕ್ಷ್ಮಿ ಮತ್ತಿತರರು ತೆಲುಗಿನಲ್ಲಿ ಅದಕ್ಕೆ ಉತ್ತರವಾಗಿ ಸೊಲ್ಲು ಹಿಡಿಯುತ್ತಾರೆ. ಆ ಉತ್ತರ ಬಾರದೆ ಹೂವಮ್ಮನ ಬಾಯಿಂದ ಮುಂದಿನ ಸಾಲು ಹೊರಡುವುದಿಲ್ಲ. ಇಂಥ ಪರಾವಲಂಬನೆ ಕಲೆಗೆ ಶೋಭೆಯಲ್ಲವೆಂದು ತಜ್ಞರ ಸಮಿತಿಯು ಹಾಡು ಕೇಳದೆಯೇ ಅಭಿಪ್ರಾಯಪಟ್ಟಿದೆ. ಆದಕಾರಣ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧. ಸದರಿ ಕೋಣೆಯನ್ನು ಜನಪದ ಗಾನ ಸಂರಕ್ಷಣಾ ಕೇಂದ್ರವೆಂದು ಘೋಷಿಸಲಾಗಿದ್ದು, ಸಂರಕ್ಷಣೆಗೆ ಅಡ್ಡಿಯಾಗದಂತೆ ಅಲ್ಲಿ ಹಾಡುವುದನ್ನು ನಿಷೇಧಿಸಲಾಗಿದೆ. ಬೀಗದ ಚಾವಿ ಅಧೀಕ್ಷಕರ ಬಳಿ ಇರತಕ್ಕದ್ದು. ಅಧೀಕ್ಷಕರು ಕರ್ನೂಲಿನಲ್ಲಿ ಇರತಕ್ಕದ್ದು.

೨. ಸಂಘದಲ್ಲಿ ಎಲ್ಲರೂ ಹಾಡುತ್ತಾರೆ, ಕೇಳುವವರು ಒಬ್ಬರೂ ಇಲ್ಲವೆಂದು ತಪಾಸಣೆಯಲ್ಲಿ ಕಂಡುಬಂದಿದೆ. ಕೇಳುಗರಿಲ್ಲದ ಸಂಘಕ್ಕೆ ಮಾನ್ಯತೆ ಇರುವುದಿಲ್ಲ. ಆದ್ದರಿಂದ ಹೂವಮ್ಮ ಒಬ್ಬರನ್ನು 'ಕಲಾವಿದೆ' ಎಂದೂ ಉಳಿದವರನ್ನು 'ಕೇಳುಗರು (ಗದ್ದಲ ಮಾಡುವ)' ಎಂದೂ ವರ್ಗೀಕರಿಸಲಾಗಿದೆ. ಕೇಳುಗರು ಬಾಯಿ ಮುಚ್ಚಿಕೊಂಡಿರತಕ್ಕದ್ದು. ಆಕಳಿಕೆಗೆ ಪೂರ್ವಾನುಮತಿಯ ಅಗತ್ಯವಿಲ್ಲ.

೩. ಹಾಡಿನ ಕನ್ನಡ ಸಾಲುಗಳನ್ನು ಆದವಾನಿಯಲ್ಲೂ ತೆಲುಗು ಸಾಲುಗಳನ್ನು ಕರ್ನೂಲಿನಲ್ಲೂ ಬೇರೆ ಬೇರೆ ಕಡತಗಳಲ್ಲಿ ಇಡತಕ್ಕದ್ದು. ಪೂರ್ತಿ ಹಾಡು ಬೇಕಾದ ಸಾರ್ವಜನಿಕರು ಎರಡೂ ಕಡೆ ಅರ್ಜಿ ಹಾಕಿ ಪಡೆದು, ಸ್ವಂತ ಜವಾಬ್ದಾರಿಯಲ್ಲಿ ಜೋಡಿಸಿಕೊಳ್ಳಬಹುದು. ಮಾಧವರಂ ಕಡೆಯಿಂದ ಬರುವ ಬಸ್ಸಿನಲ್ಲಿ ಎರಡನ್ನೂ ಒಟ್ಟಿಗೆ ಗುನುಗುವವರು ಕಂಡುಬಂದಲ್ಲಿ ಅಂಥವರನ್ನು ಎಮ್ಮಿಗನೂರಿನಲ್ಲೇ ಇಳಿಸತಕ್ಕದ್ದು.

೪. ಮುಂದಿನ ಪೀಳಿಗೆಗಾಗಿ ಹಾಡನ್ನು ಧ್ವನಿಮುದ್ರಿಸಲಾಗಿದೆ. ಅದರಲ್ಲಿದ್ದ ರಾಮಲಕ್ಷ್ಮಿ ಮತ್ತಿತರರ ದನಿಯನ್ನು 'ಹಿನ್ನೆಲೆ ಗದ್ದಲ'ವೆಂದು ಅಳಿಸಲಾಗಿದೆ. ಈಗ ಪ್ರತಿ ಸಾಲಿನ ನಂತರ ಏನೂ ಕೇಳಿಸುತ್ತಿಲ್ಲ. ಇದಕ್ಕೆ 'ಗ್ರಾಮೀಣ ಮೌನ'ವೆಂದು ಹೆಸರಿಟ್ಟು ಪ್ರತ್ಯೇಕ ಅನುದಾನ ಕೋರಲಾಗಿದೆ. ಕೇಂದ್ರದ ಉದ್ಘಾಟನೆಯ ದಿನ ಸದರಿ ಮೌನ ಬಂದಾಗಲೆಲ್ಲ ಸಿಬ್ಬಂದಿಯು ಕುರ್ಚಿ ಜರುಗಿಸಿ ಅದನ್ನು ತುಂಬತಕ್ಕದ್ದು.

೫. ಉದ್ಘಾಟನೆಗೆ ಒಬ್ಬರೇ ಬಂದು ಹಾಡುವಂತೆ ಹೂವಮ್ಮನವರನ್ನು ಶಾಲು ಮತ್ತು ಹಾರ ತೋರಿಸಿ ಕೇಳಲಾಯಿತು. ಸದರಿಯವರು ಹಾರವನ್ನು ಮೂಸಿ ನೋಡಿ, ಪ್ಲಾಸ್ಟಿಕ್ಕೆಂದು ತಿಳಿದು ಹಿಂದಿರುಗಿಸಿದರು. ನಂತರ ನೀಡಿದ ಹೇಳಿಕೆಯನ್ನು ತಿದ್ದಲು ಯಾರಿಗೂ ಧೈರ್ಯ ಸಾಲದೆ ಇದ್ದಂತೆಯೇ ದಾಖಲಿಸಲಾಗಿದೆ:

"ಒಬ್ಬಾಕಿನ ಹೆಂಗ ಹಾಡ್ಲಿರಿ ಸಾರು? ಅಳಾಕ ಕುಂತ್ರೂ ಜೋಡಿ ನಾಕ ಮಂದಿ ಕುಂದರ್ತಾರ, ಇದು ಹಾಡೈತ್ರಿ! ರಾಮಲಕ್ಷ್ಮಿ ದನಿ ಗದ್ಲ ಅಂತ ಬರದೀರಿ. ನನ್ನ ಗಂಡ ಸತ್ತಾಗ ನಾ ಬಾಯಿನ ಬಿಟ್ಟಿದ್ದಿಲ್ಲ. ಆಕಿ ದಿನಾ ಬಂದು ಎದುರಿಗೆ ಕುಂದರ್ತಿದ್ಲು. ನಾ ಸಾಲು ಎತ್ತದಿದ್ರೂ ತಾನ ಸೊಲ್ಲು ಹಿಡೀತಿದ್ಲು, ನಾ ಬಾಯಿ ಬಿಡೂ ತನಕ. ನಿಮ್ಮ ಶಾಲು ನಿಮಗ ಇರ್ಲಿ. ನಮ್ಮ ಕೋಣಿ ಚಾವಿ ನಮಗ ಕೊಡ್ರಿ. ಇಚ್ಚೇಯಂಡಿ ಸಾರು, ಕೊಟ್ಬಿಡ್ರಿ."

೬. ಮೇಲ್ಕಂಡ ಹೇಳಿಕೆಯನ್ನು ಬೆರಳಚ್ಚು ಮಾಡುತ್ತಿದ್ದ ಗುಮಾಸ್ತೆ ಸುಷಮಾ ಅವರು ಕಣ್ಣೊರೆಸಿಕೊಂಡಿರುವುದು ಕಚೇರಿಯ ಅವಧಿಯಲ್ಲಿ ನಡೆದಿರುವುದರಿಂದ, ಅವರ ಅರ್ಧ ದಿನದ ರಜೆಯನ್ನು ಕಡಿತಗೊಳಿಸಲಾಗಿದೆ.

೭. ಚಾವಿ ಕೊಡಲು ಅವಕಾಶವಿರುವುದಿಲ್ಲ. ಬೀಗ ಹಾಕಿದ ಮೇಲೂ ಸದರಿ ಹೆಂಗಸರು ಗುರುವಾರ ಬಂದು ಮುಚ್ಚಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕುಳಿತಿದ್ದರಿಂದ, ಮೆಟ್ಟಿಲು ಕಿತ್ತುಹಾಕಲು ಟೆಂಡರ್ ಕರೆಯಲಾಯಿತು. ಮೆಟ್ಟಿಲು ಕಿತ್ತ ಮೇಲೆ ನೆಲದ ಮೇಲೆ ಕುಳಿತರು. ನೆಲವನ್ನು ಕೀಳುವ ಬಗ್ಗೆ ಅಭಿಪ್ರಾಯ ಕೋರಿ ಮೇಲಧಿಕಾರಿಗಳಿಗೆ ಬರೆಯಲಾಗಿದೆ.

೮. ಈ ಎಲ್ಲ ಕ್ರಮಗಳಿಂದಾಗಿ ಹಾಡು ಸಂಪೂರ್ಣ ಸುರಕ್ಷಿತವಾಗಿದೆ. ಇನ್ನು ಅದನ್ನು ಯಾರೂ ಹಾಡಲಾರರು.

ಸಹಿ/- (ಓದಲಾಗದು)
ಉಪನಿರ್ದೇಶಕರು (ಪ್ರಭಾರ)
ಜನಪದ ಗಾನ ಸಂರಕ್ಷಣಾ ವಿಭಾಗ

ಪ್ರತಿಗಳು:
ಅಧೀಕ್ಷಕರು, ಕರ್ನೂಲು: ಚಾವಿ ಎಲ್ಲಿಟ್ಟಿದ್ದಾರೆಂದು ನೆನಪಿಸಿಕೊಳ್ಳಲು.
ಗ್ರಾಮೀಣ ಮೌನ ಶಾಖೆ: ಶಾಖೆ ಸ್ಥಾಪನೆಯಾದ ನಂತರ, ಮಾಹಿತಿಗಾಗಿ.
ಶ್ರೀಮತಿ ರಾಮಲಕ್ಷ್ಮಿ: ಗದ್ದಲಕ್ಕೆ ಪ್ರತಿ ಕಳಿಸುವ ಪದ್ಧತಿ ಇಲ್ಲ.
ಶ್ರೀಮತಿ ಹೂವಮ್ಮ: ಮನಸ್ಸಿನಲ್ಲೇ ಓದಿಕೊಳ್ಳತಕ್ಕದ್ದು. ಬಾಗಿಲ ಮುಂದೆ ಕುಳಿತು ಗಟ್ಟಿಯಾಗಿ ಓದತಕ್ಕದ್ದಲ್ಲ; ರಾಮಲಕ್ಷ್ಮಿ ಸೊಲ್ಲು ಹಿಡಿಯುವ ಸಂಭವವಿದೆ.