ಹಿಂದಿನ ಸಾಲಿನಲ್ಲಿ ಕೂತ ನಾನು

ಗಲ್ಫಿನಲ್ಲಿ ಹದಿನೆಂಟು ವರ್ಷ ಕಳೆದವನಿಗೆ ಅರಬ್ಬಿ ಬಾರದೆ ಇರಬಹುದು, ಆದರೆ ಹವೆಯ ಬಗ್ಗೆ ಸುಳ್ಳು ಹೇಳಲು ಮಾತ್ರ ಬಂದೇ ಬರುತ್ತದೆ. ಜುಲೈ ತಿಂಗಳ ನಡುಮಧ್ಯಾಹ್ನ, ಕಾರಿನ ಸ್ಟಿಯರಿಂಗನ್ನು ಕರವಸ್ತ್ರ ಸುತ್ತಿ ಹಿಡಿದುಕೊಂಡಿರುವಾಗಲೇ ಊರಿನಿಂದ ಫೋನ್ ಬರುತ್ತದೆ. "ಅಲ್ಲಿ ಸೆಕೆ ಹೇಗುಂಟು ಮಗಾ?" ಎಂದು ಅಮ್ಮ ಕೇಳುತ್ತಾಳೆ. "ಎಂತದೂ ಇಲ್ಲಮ್ಮ, ಎಲ್ಲ ಕಡೆ ಏಸಿ" ಎನ್ನುತ್ತೇನೆ, ಗಲ್ಲದಿಂದ ಬೆವರು ಒರೆಸಿಕೊಳ್ಳುತ್ತ. ಅವಳು ಅದನ್ನು ನಂಬುವುದಿಲ್ಲ, ಆದರೂ ಸಮಾಧಾನಪಟ್ಟುಕೊಳ್ಳುತ್ತಾಳೆ. ಇದನ್ನು ಯಾರೂ ಪಾಪ ಎಂದು ಎಣಿಸುವುದಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವುಂಟು. ಮುಂದೆ ನಾನು ಹೇಳಲಿರುವುದನ್ನು ಕೇಳಿ ನೀವು ನನ್ನನ್ನು ದೊಡ್ಡ ಮೋಸಗಾರನೆಂದುಕೊಳ್ಳಬಾರದು. ಬಾಯಿ ತಪ್ಪಿತು, ಅಷ್ಟೆ. ಹದಿನೆಂಟು ವರ್ಷದ ಅಭ್ಯಾಸ.

ಇದೆಲ್ಲ ಶುರುವಾದದ್ದು ನವೆಂಬರಿನ ಕೊನೆಗೆ, ದುಬೈಯ ಅಲ್ ಮುರಕ್ಕಬಾತಿನ ಒಂದು ಅಂಗಡಿಯಲ್ಲಿ. ನನ್ನ ಸ್ನೇಹಿತ ಬಸವರಾಜ ಬಾಗಲಕೋಟೆಯ ಕಡೆಯವರು, ಅಬುಧಾಬಿಯ ಬನಿಯಾಸಿನಲ್ಲಿ ಸೈಟ್ ಎಂಜಿನಿಯರ್. ತಿಂಗಳಿಗೊಂದು ಶನಿವಾರ ದುಬೈಗೆ ಬಂದು, ನನ್ನೊಡನೆ ಹೊಟ್ಟೆ ತುಂಬ ಊಟ ಮಾಡಿ, ಬಾಯಿ ತುಂಬ ಕ್ರಿಕೆಟ್ ಮಾತಾಡಿ, ಅಗ್ಗದ ಜೆರ್ಸಿ ಹುಡುಕಿಕೊಂಡು ಹೋಗುವುದು ಅವರ ವ್ರತ. ಆ ಅಂಗಡಿಗೆ ಚಳಿದೇಶಗಳಿಂದ ಹಳೆಯ ಬಟ್ಟೆಯ ಮೂಟೆಗಳು ಹಡಗಿನಲ್ಲಿ ಬರುತ್ತವೆ. ಮೂಟೆ ಬಿಚ್ಚಿ ರಾಶಿ ಹಾಕಿದಲ್ಲಿ ಬಸವರಾಜರು ಕೈ ಹಾಕಿ ಕ್ರಿಕೆಟ್ ಅಂಗಿ ಹುಡುಕುತ್ತಿದ್ದರೆ, ನನ್ನ ಕೈಗೆ ಬೇರೇನೋ ತಣ್ಣಗೆ ತಾಗಿತು. ಎಳೆದೆ. ಕಡುಹಸಿರು ಬಣ್ಣದ, ಉದ್ದ ತೋಳಿನ, ಕಂಬಳಿಯಷ್ಟು ದಪ್ಪದ ಜೆರ್ಸಿ. ಎದೆಯ ಮೇಲೆ ಕೋಲು ಕಚ್ಚಿದ ಕರಡಿ. ಬೆನ್ನ ಮೇಲೆ ಇಪ್ಪತ್ತೇಳು. ಅಂಕಿಯ ಮೇಲ್ಗಡೆ ಹೆಸರಿದ್ದ ಜಾಗದಲ್ಲಿ ಅಕ್ಷರಗಳನ್ನು ಯಾರೋ ಒಂದೊಂದಾಗಿ ಬಿಚ್ಚಿದ್ದರು, ಹೊಲಿಗೆಯ ತೂತುಗಳಷ್ಟೇ ಉಳಿದಿದ್ದವು. ಬೆಲೆ ಎರಡು ಚಹಾದಷ್ಟು.

"ಅಲ್ರೀ ಶೆಟ್ರ, ಇದನ್ನ ಹಾಕ್ಕೊಂಡು ದುಬೈದಾಗ ಎಲ್ಲಿ ಹೊಂಟ್ರಿ? ಫ್ರಿಜ್ಜಿನೊಳಗ ಕೂಡ್ತೀರೇನು?" ಎಂದು ಬಸವರಾಜರು ನಕ್ಕರು. ಅಗ್ಗವಾಗಿ ಸಿಕ್ಕಿದ್ದನ್ನು ಬಿಟ್ಟುಬರುವುದು ನನ್ನ ಜಾಯಮಾನದಲ್ಲಿಲ್ಲ. ಮನೆಗೆ ತಂದೆ.

ಅಲ್ ಬರ್ಷಾದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದನ್ನು ತೊಡಬೇಕಾದರೆ ಏಸಿಯನ್ನು ಹದಿನಾರಕ್ಕೆ ಇಳಿಸಬೇಕು. ಇಳಿಸಿದೆ. ಹೆಂಡತಿ ಶೋಭಾ ಎರಡು ಚಾದರ ಹೊದ್ದು ಸೋಫಾದ ಆಚೆ ತುದಿಗೆ ಸರಿದು, "ನಿಮ್ಮ ಮಂಡೆ ಸಮ ಉಂಟಾ ಮಾರಾಯ್ರೆ? ಯಾರು ಹಾಕಿ ಬಿಟ್ಟದ್ದೋ ಎಂತದೋ, ಒಮ್ಮೆ ಬಿಸಾಡಿ ಅದನ್ನು" ಎಂದಳು. ನಾನು ಕೇಳಲಿಲ್ಲ. ಅಗ್ಗದ ಜೆರ್ಸಿಯ ಹುಚ್ಚಿರುವವರ ಒಂದು ಗುಂಪಿದೆ, ಆನ್‌ಲೈನಿನಲ್ಲಿ. ಅದಕ್ಕೆ ಸೇರಿ, ಜೆರ್ಸಿ ತೊಟ್ಟ ನನ್ನ ಬೆನ್ನಿನ ಫೋಟೋ ಹಾಕಿ, ಇದು ಯಾವ ತಂಡದ್ದು ಎಂದು ಕೇಳಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಮಂಜುಗಡ್ಡೆಯ ಮೇಲೆ ಆಡುವ ಹಾಕಿಯಂತೆ. ಕೆನಡಾದ ಉತ್ತರಕ್ಕಿರುವ ಒಂದು ಪುಟ್ಟ ಊರಿನ ತಂಡವಂತೆ. ಊರಿನ ಹೆಸರು ಇಲ್ಲಿ ಬೇಡ, ನನಗೆ ಈಗ ಅದನ್ನು ಬರೆಯಲೂ ಹೆದರಿಕೆ. "ಆ ಊರಿನ ಹೊರಗೆ ಈ ಜೆರ್ಸಿ ಯಾರ ಬಳಿಯೂ ಇರುವುದಿಲ್ಲ. ನೀನು ಅಲ್ಲಿಯವನೇ ಇರಬೇಕು. ಈಗ ಚಳಿ ಹೇಗಿದೆ ಮಾರಾಯ?" ಎಂದು ಇನ್ನೊಬ್ಬ ಕೇಳಿದ.

ಹವೆ ಹೇಗಿದೆ ಎಂದು ಕೇಳಿದೊಡನೆ ನನ್ನ ಬೆರಳುಗಳು ತಾವಾಗಿಯೇ ಉತ್ತರ ಬರೆದವು. "ಅಂಥದ್ದೇನೂ ಇಲ್ಲ. ಆರಾಮಾಗಿದ್ದೇವೆ."

ಅಂದು ಆ ಊರಿನಲ್ಲಿ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿತ್ತಂತೆ! ಗುಂಪಿನವರೆಲ್ಲ ನನ್ನನ್ನು ವೀರನೆಂದು ಕೊಂಡಾಡಿದರು. ಅಷ್ಟು ಜನ ಒಟ್ಟಿಗೆ ಹೊಗಳುತ್ತಿರುವಾಗ "ಇಲ್ಲ ಸ್ವಾಮಿ, ನಾನು ಏಸಿ ಕಂಪನಿಯಲ್ಲಿ ತಂಪುಗಾಳಿಯ ಡಕ್ಟುಗಳ ನಕ್ಷೆ ಬರೆಯುವ ದುಬೈಯವನು" ಎಂದು ಹೇಳಲು ನಾಲಿಗೆ ಏಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ.

ನಾಳೆ ಎಂದವನು ನಾಲ್ಕು ತಿಂಗಳು ಹೇಳಲಿಲ್ಲ. ಆಶ್ಚರ್ಯವೆಂದರೆ, ಆಮೇಲೆ ಸುಳ್ಳು ಹೇಳುವ ಅಗತ್ಯವೇ ಹೆಚ್ಚು ಬೀಳಲಿಲ್ಲ. ಉತ್ತರದ ಊರುಗಳ ಮಂದಿ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ವರ್ಷದಲ್ಲಿ ಐದಾರು ತಿಂಗಳು ಮನೆಯಿಂದ ಹೊರಗೆ ಕಾಲಿಡುವಂತಿಲ್ಲ ಎಂದರು. ನಮ್ಮಲ್ಲೂ ಹಾಗೆಯೇ ಎಂದೆ. ಬರಿಗೈಯಲ್ಲಿ ಕಾರಿನ ಬಾಗಿಲು ಮುಟ್ಟುವಂತಿಲ್ಲ ಎಂದರು. ನಿಜ, ನನ್ನ ಚರ್ಮವೂ ಒಮ್ಮೆ ಅಂಟಿತ್ತು ಎಂದೆ. ನಲ್ಲಿಯ ನೀರಿಗೆ ಕೈಯೊಡ್ಡಲಾಗುವುದಿಲ್ಲ, ಮಕ್ಕಳು ಆಟವನ್ನೆಲ್ಲ ಮಾಲಿನೊಳಗೇ ಆಡಬೇಕು, ಪಕ್ಕದ ಮನೆಯವರ ಮುಖ ನೋಡದೆ ತಿಂಗಳಾಯಿತು ಎಂದರು. ಪ್ರತಿಯೊಂದಕ್ಕೂ ಮನಸ್ಸಾಕ್ಷಿಯಾಗಿ ತಲೆಯಾಡಿಸಿದೆ. ಹೀಗೆ ಸತ್ಯವನ್ನೇ ಹೇಳಿಕೊಂಡು ನಾನು ಪಕ್ಕಾ ಉತ್ತರದವನಾದೆ.

ಆಮೇಲೆ ವಾಲ್ಟರ್ ಬಂದರು. ಎಪ್ಪತ್ತೊಂಬತ್ತು ವರ್ಷದ ಮುದುಕರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಅದೇ ಊರಿನವರು. "ನಮ್ಮೂರಿನ ಇನ್ನೊಬ್ಬನನ್ನು ಇಲ್ಲಿ ಕಂಡು ಸಂತೋಷವಾಯಿತು" ಎಂದು ಅವರು ಬರೆದಾಗ ಫೋನನ್ನು ಮಗುಚಿ ಇಟ್ಟೆ. ಸಿಕ್ಕಿಬಿದ್ದೆನಲ್ಲ ಎಂದು ಎರಡು ದಿನ ಗುಂಪಿನ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಹೆದರಿ ಹೆದರಿ ತೆರೆದರೆ ಅವರ ಸಂದೇಶವಿತ್ತು. "ನಿನ್ನೆ ಪಂದ್ಯಕ್ಕೆ ಬಂದಿದ್ದೆಯಲ್ಲ. ನನ್ನ ಹಿಂದಿನ ಸಾಲು. ವಿರಾಮದಲ್ಲಿ ನೀನು ಎದ್ದಾಗ ಬೆನ್ನಿನ ಇಪ್ಪತ್ತೇಳು ನೋಡಿ ಗುರುತು ಹಿಡಿದೆ. ಮಾತಾಡಿಸೋಣವೆಂದರೆ ಮುಗಿದ ಕೂಡಲೇ ಹೊರಟುಹೋದೆ."

ಯಾರನ್ನೋ ನೋಡಿ ನಾನೆಂದುಕೊಂಡಿದ್ದಾರೆ ಎಂದು ಉಸಿರು ಬಿಟ್ಟೆ. "ಹೌದು, ಒಳ್ಳೆಯ ಪಂದ್ಯ" ಎಂದು ಬರೆದೆ. ಹಿರಿಯರ ಮಾತನ್ನು ಅಲ್ಲಗಳೆಯಬಾರದೆಂಬ ದಾಕ್ಷಿಣ್ಯ ಬೇರೆ.

ಮುಂದಿನ ವಾರ ಅವರು ಇನ್ನಷ್ಟು ಬರೆದರು. ನಾನು ಬೆಂಚಿನ ಮೇಲೆ ಎಡಗಾಲನ್ನು ಮಡಚಿ ಕೂರುತ್ತೇನಂತೆ, ಅಲ್ಲಿ ಯಾರೂ ಹಾಗೆ ಕೂರುವುದಿಲ್ಲವಂತೆ. ಓದುವಾಗ ನನ್ನ ಎಡಗಾಲು ಸೋಫಾದ ಮೇಲೆ ಮಡಚಿಯೇ ಇತ್ತು. ಮೆಲ್ಲಗೆ ಕೆಳಗಿಳಿಸಿದೆ. ವಿರಾಮದಲ್ಲಿ ನಾನು ಸ್ಟೀಲಿನ ಡಬ್ಬಿ ತೆರೆದು, ಬೆರಳಿನಿಂದ ಹಳದಿ ಅನ್ನ ತಿಂದೆನಂತೆ. ಶೋಭಾಳಿಗೆ ಓದಿ ಹೇಳಿದೆ. ಅವಳು ಒಗ್ಗರಣೆಯ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಹಿಂದಿನ ದಿನ ನಮ್ಮಲ್ಲಿ ಚಿತ್ರಾನ್ನ.

"ಕಡ್ಲೆಬೇಳೆ ಇತ್ತಂತಾ?" ಎಂದಳು.

"ಅದೆಲ್ಲ ಅವರು ಹೇಳ್ಲಿಲ್ಲ."

"ಕೇಳಿ. ನಿನ್ನೆ ನಾನು ಹಾಕಿರ್ಲಿಲ್ಲ, ಮುಗಿದಿತ್ತು. ಇದ್ದರೆ ಬೇರೆ ಯಾರೋ. ಇಲ್ಲದಿದ್ರೆ..." ಎಂದವಳು ಮತ್ತೆ ಒಲೆಯ ಕಡೆ ತಿರುಗಿದಳು. ನಾನು ಕೇಳಲಿಲ್ಲ. ಇಲ್ಲ ಎಂದು ಬಂದುಬಿಟ್ಟರೆ ಮುಂದೇನು ಮಾಡುವುದು?

ಹದಿನಾಲ್ಕು ವರ್ಷದ ಮಗಳು ಅನನ್ಯಾಳಿಗೆ ಇದೆಲ್ಲ ತಮಾಷೆ. "ಅಪ್ಪಾ, ಜಸ್ಟ್ ಬ್ಲಾಕ್ ಹಿಮ್" ಎಂದಳು. ಆದರೆ ಆ ವಾರ ಜೆರ್ಸಿ ಒಗೆದು ಬಾಲ್ಕನಿಯಲ್ಲಿ ಹಾಕಿದ್ದನ್ನು ತರಲು ಹೋದವಳು ಬರಿಗೈಯಲ್ಲಿ ವಾಪಸು ಬಂದಳು. ನಮ್ಮ ಬಾಲ್ಕನಿಯಲ್ಲಿ ಜೀನ್ಸ್ ಪ್ಯಾಂಟು ಚಳಿಗಾಲದಲ್ಲೂ ಅರ್ಧ ದಿನದಲ್ಲಿ ಹಪ್ಪಳವಾಗುತ್ತದೆ. ಜೆರ್ಸಿ ಮೂರು ದಿನವಾದರೂ ಒದ್ದೆ. ಹೆಗಲ ಮೇಲೆ ಕೈಯಿಟ್ಟರೆ ಮೂಳೆಗೆ ತಾಗುವಷ್ಟು ತಣ್ಣಗಿತ್ತು. ಬಸವರಾಜರಿಗೆ ಫೋನ್ ಮಾಡಿ ಹೇಳಿದರೆ, "ಶೆಟ್ರ, ನೀವು ತಂಪು ಮಾರೋ ಮಂದಿ, ನಿಮಗ ಕಾರಣ ಗೊತ್ತಿರಬೇಕಲ್ರೀ" ಎಂದರು. ಕಾರಣ ಹುಡುಕಿದೆ. ದಪ್ಪ ಬಟ್ಟೆ, ಗಾಳಿಯ ತೇವ, ಮೇಲಿನ ಮನೆಯ ಏಸಿ ನೀರು. ಮೇಲಿನ ಮನೆ ಆರು ತಿಂಗಳಿಂದ ಖಾಲಿಯಿತ್ತು.

ನಿಜ ಹೇಳಿಬಿಡಬೇಕೆಂದು ಆಗ ಗಟ್ಟಿ ಮನಸ್ಸು ಮಾಡಿದೆ. ಬರೆಯಲು ಕೂತೆ. ಅಷ್ಟರಲ್ಲಿ ವಾಲ್ಟರ್ ಬರೆದಿದ್ದರು. "ಹೆಂಡತಿ ಹೋದ ಮೇಲೆ ಪಂದ್ಯಕ್ಕೆ ಹೋಗುವುದನ್ನೇ ಬಿಟ್ಟಿದ್ದೆ. ಈಗ ನೀನು ಹಿಂದೆ ಕೂತಿರುತ್ತೀಯ ಎಂದು ಹೋಗುತ್ತೇನೆ. ಮಾತಾಡದಿದ್ದರೂ ಪರವಾಗಿಲ್ಲ. ಬೆನ್ನ ಹಿಂದೆ ಒಬ್ಬರು ಇದ್ದಾರೆಂದರೆ ಸಾಕು." ಓದಿದೆ. ಬರೆದದ್ದನ್ನು ಅಳಿಸಿದೆ. ನನ್ನ ಮರ್ಯಾದೆ ಹೋದರೆ ಹೋಗಲಿ, ಈ ಮುದುಕರ ಹಿಂದಿನ ಸಾಲನ್ನು ನಾನು ಹೇಗೆ ಖಾಲಿ ಮಾಡಲಿ? ಅಲ್ಲದೆ, ಒಪ್ಪಿಕೊಳ್ಳುತ್ತೇನೆ, ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು. ಆ ತಂಡದ ಆಟವನ್ನು ಯಾವ ಚಾನೆಲ್ಲೂ ತೋರಿಸುವುದಿಲ್ಲ. ನಾನು ಬೆಳಿಗ್ಗೆ ಎದ್ದು ಸ್ಕೋರು ಮಾತ್ರ ಓದುವವನು. ಅವನು ಅಲ್ಲೇ ಕೂತು, ನನ್ನ ಚಿತ್ರಾನ್ನ ತಿನ್ನುತ್ತ, ಪೂರ್ತಿ ಆಟ ನೋಡುತ್ತಿದ್ದ.

ಮಾರ್ಚ್ ಬಂತು. ಅಲ್ಲಿ ರಾತ್ರಿ, ಆಟದ ಋತುವಿನ ಕೊನೆಯ ಪಂದ್ಯ. ಇಲ್ಲಿ ನನಗೆ ಮಾಮೂಲಿ ಬೆಳಿಗ್ಗೆ. ಆಫೀಸಿಗೆ ಹೊರಟು ಮೆಟ್ರೋದಲ್ಲಿ ಕಂಬ ಹಿಡಿದು ನಿಂತು ಫೋನ್ ನೋಡಿದೆ. ವಾಲ್ಟರ್ ಪಂದ್ಯದ ವಿರಾಮದಲ್ಲಿ ಬರೆದಿದ್ದರು.

"ಕಳೆದ ವಾರ ನೀನು ಹೆಪ್ಪುಗಟ್ಟಿದ ಸರೋವರದ ಕಡೆ ಕೈ ತೋರಿಸಿ ನನ್ನನ್ನು ಕರೆದೆಯಲ್ಲ. ಆ ದಾರಿಯಲ್ಲಿ ನನ್ನ ಮನೆ ಹತ್ತಿರ, ನಿಜ. ಮಾರ್ಚಿನಲ್ಲಿ ಅದರ ಮೇಲೆ ಯಾರೂ ನಡೆಯುವುದಿಲ್ಲ, ನಡುವೆ ಮಂಜುಗಡ್ಡೆ ತೆಳುವಾಗಿರುತ್ತದೆ. ಆದರೂ ಇವತ್ತು ನೀನು ಮುಂದೆ ನಡೆದರೆ ನಾನು ಹಿಂದೆ ಬರುತ್ತೇನೆ. ನೀನು ಊರಿನವನು, ನಿನಗೆ ಗೊತ್ತಿರುತ್ತದೆ."

ಅಷ್ಟು ಜನರ ನಡುವೆ ನನ್ನ ಮೈ ತಣ್ಣಗಾಯಿತು. ನನಗೆ ಏನು ಗೊತ್ತು? ಐಸ್ ಕ್ಯಾಂಡಿ ಬಿಟ್ಟರೆ ಬೇರೆ ಮಂಜುಗಡ್ಡೆಯ ಮೇಲೆ ಭರವಸೆ ಇಟ್ಟವನಲ್ಲ ನಾನು. ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದರ ಹೆಬ್ಬೆರಳಿನಿಂದ ಬಡಬಡನೆ ಬರೆದೆ. "ವಾಲ್ಟರ್, ಹೋಗಬೇಡಿ. ಅವನು ನಾನಲ್ಲ. ನಾನು ದುಬೈಯಲ್ಲಿದ್ದೇನೆ. ನಿಮ್ಮ ಊರನ್ನು ನಾನು ಕಂಡೇ ಇಲ್ಲ. ಮಾಲಿನೊಳಗೆ ಟಿಕೆಟ್ ತೆಗೆದು ನೋಡಿದ್ದು ಬಿಟ್ಟರೆ ಹಿಮವನ್ನೇ ನೋಡಿಲ್ಲ. ಸುಳ್ಳು ಹೇಳಿದೆ, ಕ್ಷಮಿಸಿ. ಅವನ ಹಿಂದೆ ಹೋಗಬೇಡಿ." ನಂಬಲಿಕ್ಕಿಲ್ಲವೆಂದು ಕಿಟಕಿಯಾಚೆಯ ಬಿಸಿಲೂ, ಪಕ್ಕದವರ ಮೊಣಕೈಗಳೂ, ಬೆವರಿದ ನನ್ನ ಮುಖವೂ ಸೇರಿದ ಫೋಟೋ ಒಂದನ್ನು ಕಳಿಸಿದೆ. ಅವರು ಓದಿದ ಗುರುತು ಬರಲಿಲ್ಲ. ಇಳಿಯಬೇಕಾದ ಸ್ಟೇಷನ್ ದಾಟಿತು. ಕೊನೆಯ ಸ್ಟೇಷನ್ನೂ ಬಂತು. ಪ್ಲ್ಯಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು, ನನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದೆ. ಆ ಚಳಿಯಲ್ಲಿ ಯಾರಿಗೆ ಅಧಿಕಾರವಿದೆಯೋ ತಿಳಿಯದೆ ಗೊತ್ತಿಲ್ಲದ ಒಂದಿಬ್ಬರನ್ನೂ ಸೇರಿಸಿದೆ. ಆಫೀಸಿಗೆ ಹೊಟ್ಟೆನೋವೆಂದು ತಿಳಿಸಿದೆ. ಅದು ಸುಳ್ಳಾಗಿರಲಿಲ್ಲ.

ಉತ್ತರ ಬರುವ ಹೊತ್ತಿಗೆ ಮಧ್ಯಾಹ್ನ. ವಾಲ್ಟರ್ ಮನೆಯಲ್ಲಿದ್ದರು. ದಡದಲ್ಲಿ ಕೈಗವುಸು ತೆಗೆದು ಟಾರ್ಚು ಹುಡುಕುವಾಗ ಫೋನ್ ಕೈಗೆ ಬಂತಂತೆ. ಓದಿದರು. ಅವನು ಆಗಲೇ ಮಂಜುಗಡ್ಡೆಯ ಮೇಲೆ ಹತ್ತು ಹೆಜ್ಜೆ ಹೋಗಿ, ತಿರುಗಿ ನಿಂತು ಕಾಯುತ್ತಿದ್ದ.

"ನಾನು ಬರುವುದಿಲ್ಲ ಎಂದೆ. ನೀನು ಯಾರು ಎಂದು ಕೇಳಿದೆ. ಹತ್ತಿರ ಬಂದ. ನಿನ್ನ ಫೋಟೋ ತೋರಿಸಿದೆ" ಎಂದು ಬರೆದಿದ್ದರು. "ತುಂಬ ಹೊತ್ತು ನೋಡಿದ. ಕದ್ದು ಸಿಕ್ಕಿಬಿದ್ದವರ ಹಾಗೆ ಅವನ ಮುಖ ಚಿಕ್ಕದಾಯಿತು. ಒಂದೂ ಮಾತಾಡದೆ ತಲೆ ತಗ್ಗಿಸಿಕೊಂಡು ಸರೋವರದ ನಡುವಿಗೆ ಒಬ್ಬನೇ ನಡೆದುಹೋದ. ನಾನು ರಸ್ತೆಯ ದಾರಿ ಹಿಡಿದು ಮನೆಗೆ ಬಂದೆ. ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಅವನು ಒಳ್ಳೆಯ ಜೊತೆಯಾಗಿದ್ದ. ಮಾತು ಕಡಿಮೆ, ಪಾಪ."

ಶೋಭಾಳಿಗೆ ಓದಿ ಹೇಳಿದೆ. "ಮಾತು ಕಡಿಮೆಯಾ? ಹಾಗಾದ್ರೆ ಖಂಡಿತ ನೀವಲ್ಲ ಮಾರಾಯ್ರೆ" ಎಂದು ನಗಲು ನೋಡಿದಳು, ನಗು ಅರ್ಧಕ್ಕೇ ನಿಂತಿತು. ಮುದುಕರು ಬದುಕಿದರಲ್ಲ, ಅಷ್ಟು ಸಾಕು ಎಂದೆವು ಇಬ್ಬರೂ. ಗುಂಪಿನವರಿಗೂ ನಿಜ ತಿಳಿಸಿದೆ. ಅವರು ಎರಡು ದಿನ ಕಿಚಾಯಿಸಿ ಮತ್ತೆ ಜೆರ್ಸಿಯ ರಿಯಾಯಿತಿಯ ಮಾತಿಗೆ ಹೊರಳಿದರು. ಇಷ್ಟೆಲ್ಲ ಮಾಡಿದವನಿಗೆ ಒಂದಿಷ್ಟಾದರೂ ನಾಚಿಕೆಯಾಗಬೇಕಿತ್ತು ಎಂದು ನೀವು ಕೇಳಬಹುದು. ನಾನೂ ಕಾದು ನೋಡಿದೆ, ಆಗಲಿಲ್ಲ. ನನಗಾಗಬೇಕಿದ್ದ ನಾಚಿಕೆಯನ್ನು ಪೂರ್ತಿಯಾಗಿ ಅವನೇ ಹೊತ್ತುಕೊಂಡು ಹೋಗಿದ್ದಾನೆ. ವಾಲ್ಟರ್ ಈಗಲೂ ವಾರಕ್ಕೊಮ್ಮೆ ಬರೆಯುತ್ತಾರೆ, ನಾನೂ ಬರೆಯುತ್ತೇನೆ. ಅಂದು ನಡುವಿನ ಮಂಜುಗಡ್ಡೆ ಅವನ ಭಾರ ತಡೆಯಿತೇ ಎಂದು ಮಾತ್ರ ಕೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.