ಜಗಲಿ ತೊರೆದ ಎರಡು ಬೆಕ್ಕುಗಳ ಸನ್ನಿಧಾನಕ್ಕೆ

ತಾಳವಾಡಿ,
ಮೇ ೧೯೮೨

ಇಲಿಗಳ ಪಾಲಿಗೆ ಸಿಂಹಸ್ವಪ್ನರಾದ ಶ್ರೀಮತಿ ಬೆಳ್ಳಿಯವರಿಗೂ, ಅವರ ಸುಪುತ್ರ ಚಿರಂಜೀವಿ ಕೆಂಚನವರಿಗೂ, ನಮ್ಮ ಮನೆಯ ಅಟ್ಟ, ಒಲೆಯ ಪಕ್ಕದ ಬೆಚ್ಚನೆಯ ಮೂಲೆ ಮತ್ತು ನಾನು ಮಡಿಸಿಟ್ಟ ಪಂಚೆ, ಈ ಮೂರರ ಪರವಾಗಿ ಶರಣು ಶರಣಾರ್ಥಿ.

ಮಾನ್ಯರೇ,

ತಮ್ಮ ಹೊಸ ವಿಳಾಸ ಅಂಚೆಯವನಿಗೆ ತಿಳಿಯದ ಕಾರಣ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಚಿಕ್ಕಮಾದಮ್ಮನ ಗುಡಿಸಲಿನಲ್ಲಿ ತಮಗೆ ಯಾವ ಕೊರತೆಯೂ ಇಲ್ಲವೆಂದು ಊರೆಲ್ಲ ಹೇಳುತ್ತಿರುವುದರಿಂದ ತಮ್ಮ ಕುಶಲ ಕೇಳುವುದಿಲ್ಲ. ನಮ್ಮದನ್ನು ತಾವು ಕೇಳದಿದ್ದರೂ ತಿಳಿಸುತ್ತೇನೆ. ನನ್ನ ತಾಯಿ ಗುರುಲಿಂಗಮ್ಮನವರು ಪ್ರವಾಸದಿಂದ ಬಂದು ಎಂಟು ದಿನವಾಯಿತು. ತಾವು ಮಡಿಲಲ್ಲಿಲ್ಲದೆ ತುತ್ತು ಇಳಿಯುವುದಿಲ್ಲವೆಂದು ತಟ್ಟೆ ಸರಿಸಿ, ಮಜ್ಜಿಗೆಯಲ್ಲೇ ದಿನ ದೂಡುತ್ತಿದ್ದಾರೆ. ಎಪ್ಪತ್ತೆರಡು ವರ್ಷದ ಜೀವ. ನನಗೆ ನಿಜವಾಗಿಯೂ ಭಯವಾಗಿದೆ.

ತಮ್ಮ ಯೋಗಕ್ಷೇಮಕ್ಕೆ ನಾನು ಮಾಡಿದ್ದ ಏರ್ಪಾಡಿನಲ್ಲಿ ಲೋಪವೇನಿತ್ತೆಂದು ದಯಮಾಡಿ ತಿಳಿಸಬೇಕು. ಮಧುರೆ, ರಾಮೇಶ್ವರ, ಕನ್ಯಾಕುಮಾರಿ ಸೇರಿ ಹನ್ನೆರಡು ದಿನ. ನೆಂಟರಿಷ್ಟರೆಲ್ಲ ನಮ್ಮ ಜೊತೆ ಅದೇ ಬಸ್ಸು ಹತ್ತಿದ್ದರಿಂದ, ಕಾಡಂಚಿನ ಸೋಲಿಗರ ಹಟ್ಟಿಯಾದ ಪೋಡಿನಿಂದ ಇಪ್ಪತ್ತು ವರ್ಷಗಳಿಂದ ನಮ್ಮ ಹೊಲದ ಕೆಲಸಕ್ಕೆ ಬರುವ ಚಿಕ್ಕಮಾದಮ್ಮನಿಗೇ ತಮ್ಮನ್ನು ಒಪ್ಪಿಸಿದೆ. ಇಪ್ಪತ್ತು ವರ್ಷದಲ್ಲಿ ಅವಳು ನಮ್ಮ ಜಗಲಿ ದಾಟಿದವಳಲ್ಲ, ಅವಳ ಲೋಟಕ್ಕೆ ಕಾಫಿಯನ್ನೂ ಮೇಲಿನಿಂದಲೇ ಹೊಯ್ಯುವುದು ನಮ್ಮ ವಾಡಿಕೆ. ಆ ಕ್ರಮ ಕೆಡದಿರಲೆಂದು ಮನೆಗೆ ಬೀಗ ಹಾಕಿ, ತಮ್ಮ ಹಿತ್ತಾಳೆ ಬಟ್ಟಲನ್ನು ಜಗಲಿಯ ಮೇಲಿಟ್ಟು, ಅದನ್ನು ಮುಟ್ಟದೆ ಮೊಳದೆತ್ತರದಿಂದ ಹಾಲು ಹೊಯ್ಯತಕ್ಕದ್ದೆಂದೂ, ತಮ್ಮ ಮೈ ಮುಟ್ಟಕೂಡದೆಂದೂ, ತಾವು ಸಸ್ಯಾಹಾರಿ ಮನೆತನದವರಾದ್ದರಿಂದ ಹಾಲು, ಅನ್ನ, ಮಜ್ಜಿಗೆಯ ಹೊರತು ಏನೂ ಕೊಡಕೂಡದೆಂದೂ ಮೂರು ಸಲ ಹೇಳಿದೆ. ಇಲಿಯನ್ನು ನಾವು ಆಹಾರವೆಂದು ಎಂದೂ ಪರಿಗಣಿಸಿಲ್ಲ. ಅದು ತಮ್ಮ ಕರ್ತವ್ಯ.

ಅವಳು ಹೇಳಿದಂತೆಯೇ ಮಾಡಿದಳಂತೆ. ಎತ್ತರದಿಂದ ಬಿದ್ದ ಹಾಲು ಕೆಂಚನವರ ಮೂಗಿಗೂ ಬೆಳ್ಳಿಯವರ ಕಿವಿಗೂ ಸಿಡಿಯಿತಂತೆ. ತಾವಿಬ್ಬರೂ ಬಟ್ಟಲಿಗೆ ಬೆನ್ನು ಮಾಡಿ ಕುಳಿತಿರಂತೆ. ಎರಡು ದಿನ ಹೀಗೇ ಕಳೆದು, ಮೂರನೆಯ ದಿನ ಅವಳು ಬರಿಗೈಯಲ್ಲಿ ಪೋಡಿನ ದಾರಿ ಹಿಡಿದರೆ, ತಾವು ಬಾಲವೆತ್ತಿಕೊಂಡು ಹಿಂದೆಯೇ ಹೊರಟಿರಿ. ಅಲ್ಲಿ ಹಳ್ಳದ ಮೀನು ಸುಡುತ್ತಿದ್ದರೆಂಬುದು ಕೇವಲ ಆಕಸ್ಮಿಕವೆಂದು ನಂಬಲು ನಾನು ಶ್ರಮಿಸುತ್ತಿದ್ದೇನೆ. "ನಾ ಮುಟ್ನಿಲ್ಲ ಬುದ್ದಿ, ಅವೇ ಬಂದು ಮಡ್ಲಿಗೆ ಅತ್ಕಂಡೊ" ಎಂದು ಅವಳು ಆಣೆಯಿಟ್ಟು ಹೇಳಿದ್ದಾಳೆ.

ಮೊನ್ನೆ ಗೋಣಿಚೀಲ ಹಿಡಿದು ತಮ್ಮನ್ನು ಕರೆಯಲು ಬಂದಾಗ ನನ್ನ ಮುಂಗೈ ಮೇಲೆ ತಾವು ಗೀರಿ ಕೊಟ್ಟ ಉತ್ತರ ತಲುಪಿದೆ. ಅಕ್ಷರ ದುಂಡಾಗಿದೆ, ಅಭಿಪ್ರಾಯ ಸ್ಪಷ್ಟವಾಗಿದೆ. ಚಿಕ್ಕಮಾದಮ್ಮ ಕೂರಲು ಚಾಪೆ ಹಾಸಿ ನೀರು ತಂದಳು; ಒಂದು ಮೈಲಿ ಬಿಸಿಲಲ್ಲಿ ನಡೆದು ಬಂದಿದ್ದ ನಾನು ಬಾಯಾರಿಕೆಯಿಲ್ಲವೆಂದೆ. ಈ ಸುಳ್ಳನ್ನು ತಾವಿಬ್ಬರೂ ಕಣ್ಣು ಮುಚ್ಚಿಕೊಂಡು ಕೇಳಿದ್ದು ತಮ್ಮ ದೊಡ್ಡತನ.

ಆದ್ದರಿಂದ ತಾವು ಬರುವ ಸೋಮವಾರದೊಳಗೆ ಹಿಂತಿರುಗಬೇಕೆಂದೂ, ಒಳಗೆ ಬರುವ ಮುನ್ನ ಬಾವಿಯ ಬಳಿ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಧರಿಸಿ, ಮೀನನ್ನು ಕನಸಿನಲ್ಲಿಯೂ ನೆನೆಯುವುದಿಲ್ಲವೆಂದು ಮಾತು ಕೊಡಬೇಕೆಂದೂ ಬೇಡುತ್ತೇನೆ. ಇನ್ನು ಮುಂದೆ ಯಾರ ಮಡಿಲು ಹತ್ತುವುದಾದರೂ ಮೊದಲು ಅವರ ಕುಲ ವಿಚಾರಿಸಿಕೊಳ್ಳತಕ್ಕದ್ದು. ಇದೇನೂ ಕಷ್ಟದ ವಿದ್ಯೆಯಲ್ಲ. ನಮ್ಮಲ್ಲಿ ಮಾತು ಬಾರದ ಮಕ್ಕಳಿಗೂ ಕಲಿಸಿಬಿಡುತ್ತೇವೆ.

ಮುಂಗೈ ಗೀರಿಸಿಕೊಂಡೂ ತಮ್ಮ ವಿಶ್ವಾಸಿ,
ಪುಟ್ಟಬಸಪ್ಪ

ಮರೆತ ಮಾತು: ರುಜು ಹಾಕಿ ತಲೆಯೆತ್ತಿದರೆ ತಾಯಿಯವರು ಮನೆಯಲ್ಲಿರಲಿಲ್ಲ. ನಾನು ಹುಡುಕಿಕೊಂಡು ಓಡಿ ಬಂದದ್ದನ್ನು ತಾವೇ ನೋಡಿದ್ದೀರಿ. ಗುಡಿಸಲಿನ ಒಳಗೆ, ಒಲೆಯ ಮುಂದೆ, ಬೆಳ್ಳಿಯವರನ್ನು ಮಡಿಲಲ್ಲಿಟ್ಟುಕೊಂಡು ಅವರು ಚಿಕ್ಕಮಾದಮ್ಮನ ಕೈಯ ಮುದ್ದೆಯನ್ನು ಸೊಪ್ಪಿನ ಸಾರಿಗೆ ಅದ್ದಿ ನುಂಗುತ್ತಿದ್ದರು. ಎಂಟು ದಿನದ ಮೇಲೆ ಉಂಡರು. ನನಗೆ ಕೋಪ ಬರಬೇಕಿತ್ತು, ಕಣ್ಣಲ್ಲಿ ನೀರು ಬಂತು. "ಯಾಕ್ಲಾ ಬಾಗ್ಲಲ್ಲೇ ನಿಂತ್ಕಬುಟ್ಟೆ? ಬಿಸ್ಲಲ್ಲಿ ಬಂದಿದ್ದೀಯ, ನೀರಾರ ಕುಡಿ" ಎಂದರು ತಾಯಿ. ವಾಡಿಕೆ ಮರೆಯದ ಚಿಕ್ಕಮಾದಮ್ಮ ನನ್ನ ಕೈಗೊಂದು ಲೋಟ ಕೊಟ್ಟು, ಆಮೇಲೆ ಅದನ್ನು ಮುಟ್ಟದೆ, ಮೊಳದೆತ್ತರದಿಂದ ನೀರು ಹೊಯ್ದಳು. ಅರ್ಧ ನನ್ನ ಮುಖಕ್ಕೆ ಸಿಡಿಯಿತು. ತಾವು ಬಟ್ಟಲಿಗೆ ಬೆನ್ನು ಮಾಡಿ ಕುಳಿತದ್ದೇಕೆಂದು ಆಗ ತಿಳಿಯಿತು. ನಾನು ಮಾತ್ರ ಬೆನ್ನು ಮಾಡಲಿಲ್ಲ, ಬಾಯಾರಿಕೆಯಾಗಿತ್ತು.